ಮಳೆಯಲ್ಲಿ ಕತ್ತರಿಸಿದ ಗುಲಾಬಿ ತುದಿಯಿಂದ ಕಪ್ಪಾಗುತ್ತಿದೆ, ಈಗ ಎಷ್ಟು ಸವರಬೇಕು?

ಪ್ರಶ್ನೆ (ಧಾರವಾಡದಿಂದ)

ಅಂಗಳದಲ್ಲಿ ನೆಲಕ್ಕೆ ಹಾಕಿದ ಕಸಿ ಗುಲಾಬಿ ಇದೆ. ಉದ್ದ ತೊಟ್ಟಿನ ದೊಡ್ಡ ಕೆಂಪು ಹೂವು. ಗಿಡ ಐದಡಿ ದಾಟಿತ್ತು. ಜುಲೈ ಮಳೆಯಲ್ಲಿ ತೋಟದ ಕೆಲಸಕ್ಕೆ ಬಂದವರು ಅರ್ಧಕ್ಕೆ ಕತ್ತರಿಸಿದರು. ಈಗ ಸೆಪ್ಟೆಂಬರ್ ಕೊನೆ. ಕತ್ತರಿಸಿದ ಜಾಗದಿಂದ ಟೊಂಗೆಗಳು ಕಪ್ಪಾಗುತ್ತಾ ಕೆಳಗಿಳಿಯುತ್ತಿವೆ. ಬುಡದಿಂದ ಒಂದು ಹಸಿರು ಟೊಂಗೆ ಜೋರಾಗಿ ಎದ್ದಿದೆ, ಆದರೆ ಮೊಗ್ಗೇ ಇಲ್ಲ. ಉಳಿದದ್ದೆಲ್ಲ ತೆಗೆದು ಅದನ್ನೇ ಬೆಳೆಸಲಾ?

ಉತ್ತರ (ಮೈಸೂರಿನಿಂದ)

ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಬುಡದ ಮಣ್ಣು ಸ್ವಲ್ಪ ಸರಿಸಿ ಆ ಟೊಂಗೆ ಎಲ್ಲಿಂದ ಹೊರಟಿದೆ ನೋಡಿ. ಕಸಿ ಕಟ್ಟಿದ ಗಂಟಿನ ಕೆಳಗಿಂದ ಬಂದಿದ್ದರೆ ಅದು ನಿಮ್ಮ ಕೆಂಪು ಗುಲಾಬಿಯಲ್ಲ, ಬೇರಿಗಾಗಿ ಬಳಸಿದ ಕಾಡು ಜಾತಿ. ಬಿಟ್ಟರೆ ಗಿಡವನ್ನೇ ನುಂಗುತ್ತದೆ. ನೆಲದ ಮಟ್ಟಕ್ಕೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಹುಟ್ಟಿದ ಜಾಗದಿಂದಲೇ ಕಿತ್ತು ತೆಗೆಯಿರಿ. ಒಂದೇ ಎಲೆತೊಟ್ಟಿನಲ್ಲಿ ಏಳು ಎಲೆ ಇದ್ದರೆ ಕಾಡು ಎಂದು ಹೇಳುತ್ತಾರೆ, ಅದನ್ನು ನಂಬಬೇಡಿ. ಒಳ್ಳೆಯ ತಳಿಯಲ್ಲೂ ಏಳು ಎಲೆ ಬರುತ್ತವೆ. ಗಂಟಿನ ಮೇಲಿಂದ ಬಂದಿದ್ದರೆ ಮಾತ್ರ ಅದು ಬಂಗಾರದಂಥ ಹೊಸ ಟೊಂಗೆ, ಮುಟ್ಟಬೇಡಿ.

ಕಪ್ಪಾಗುತ್ತಿರುವುದು ಶಿಲೀಂಧ್ರದಿಂದ ಬರುವ ತುದಿ ಒಣಗು ರೋಗ ಅನಿಸುತ್ತದೆ. ಹಸಿ ಗಾಯದ ಮೇಲೆ ಮಳೆ ಬಿದ್ದರೆ ಇದು ಸುಲಭವಾಗಿ ಹಿಡಿಯುತ್ತದೆ. ಇದಕ್ಕೆ ಕಾಯಬೇಡಿ, ಮಳೆಯಿಲ್ಲದ ಒಣ ದಿನ ನೋಡಿ ಕತ್ತರಿಸಿ. ಕಪ್ಪು ಮುಗಿದಲ್ಲಿಗೆ ನಿಲ್ಲಿಸಬೇಡಿ. ಒಳಗಿನ ತಿರುಳು ಬೆಳ್ಳಗೆ ಕಾಣುವವರೆಗೂ ಕೆಳಗೆ ಹೋಗಿ. ಪ್ರತಿ ಟೊಂಗೆಗೂ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ. ತುದಿಗೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಪುಡಿಯನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಬಳಿಯಿರಿ, ಕೈಗವಸು ಇರಲಿ.

ಗಿಡವನ್ನು ಪೂರ್ತಿ ಸವರುವುದು ಮಳೆ ನಿಂತ ಮೇಲೆ, ಅಕ್ಟೋಬರ್ ಮಧ್ಯದ ನಂತರ. ಆಗ ಚಳಿಗಾಲಕ್ಕೆ ಒಳ್ಳೆಯ ಹೂವು ಸಿಗುತ್ತದೆ. ಸವರಿ ಸುಮಾರು 45ರಿಂದ 50 ದಿನಕ್ಕೆ ಅರಳುತ್ತದೆ, ಲೆಕ್ಕ ಹಾಕಿಕೊಳ್ಳಿ.

ಪ್ರಶ್ನೆ ಕೇಳಿದವರು

ಗಂಟಿನ ಕೆಳಗಿಂದಲೇ ಬಂದಿದೆ, ಕಿತ್ತೆ. ಅಕ್ಟೋಬರ್‌ನಲ್ಲಿ ಎಷ್ಟು ಎತ್ತರಕ್ಕೆ? ಒಂದಡಿ ಬಿಟ್ಟು ಎಲ್ಲ ತೆಗೆಯಬೇಕು ಅಂತ ಪಕ್ಕದ ಮನೆಯವರು ಹೇಳುತ್ತಾರೆ.

ಉತ್ತರ (ಮೈಸೂರಿನಿಂದ)

ಒಂದಡಿಗೆ ಇಳಿಸುವುದು ತುಂಬಾ ಜಾಸ್ತಿ ಆಯ್ತು. ಹಿಮ ಬಿದ್ದು ಟೊಂಗೆ ಸಾಯುವ ದೇಶಗಳಲ್ಲಿ ಅಷ್ಟು ಕತ್ತರಿಸುವುದಕ್ಕೆ ಕಾರಣ ಇದೆ. ನಮ್ಮಲ್ಲಿ ಗಿಡ ಪೂರ್ತಿ ಮಲಗುವುದೇ ಇಲ್ಲ, ಟೊಂಗೆಯಲ್ಲಿ ಕೂಡಿಟ್ಟ ಆಹಾರವನ್ನು ಸುಮ್ನೆ ಯಾಕೆ ಎಸೆಯಬೇಕು? ಅದೂ ನಿಮ್ಮ ಗಿಡ ರೋಗದಿಂದ ಸೊರಗಿದೆ. ಸತ್ತದ್ದು, ಪೆನ್ಸಿಲ್‌ಗಿಂತ ಸಣ್ಣದು, ಒಂದಕ್ಕೊಂದು ಉಜ್ಜುವುದು, ಇವನ್ನು ಮೊದಲು ತೆಗೆಯಿರಿ. ಉಳಿದ ನಾಲ್ಕೈದು ಗಟ್ಟಿ ಟೊಂಗೆಗಳನ್ನು ಒಂದೂವರೆಯಿಂದ ಎರಡಡಿಗೆ ನಿಲ್ಲಿಸಿ. ಹೊರಮುಖದ ಕಣ್ಣಿನ (ಚಿಗುರು ಒಡೆಯುವ ಜಾಗ) ಮೇಲೆ ಕಾಲು ಇಂಚು ಬಿಟ್ಟು ಓರೆಯಾಗಿ ಕತ್ತರಿಸಿ. ಟೊಂಗೆ ಎರಡೇ ಉಳಿದರೆ ಇನ್ನೂ ಕಡಿಮೆ ಕತ್ತರಿಸಿ. ಗೊಂಚಲು ಹೂವಿನ ಗಿಡಕ್ಕೆ ಮೂರನೇ ಒಂದು ಭಾಗ ತೆಗೆದರೆ ಸಾಕು.

ಉತ್ತರ (ವಿಜಯಪುರದಿಂದ)

ನಮ್ಮ ಕಡೆ ದ್ರಾಕ್ಷಿಗೂ ಅಕ್ಟೋಬರ್ ಚಾಟನಿ (ಸವರುವ ಕೆಲಸ) ಮಾಡುತ್ತಾರೆ, ಗುಲಾಬಿಗೂ ಅದೇ ಹೊತ್ತು. ನನ್ನದು ಕಾಂಪೌಂಡ್ ಮೇಲೆ ಹಬ್ಬಿದ ಬಳ್ಳಿ ಗುಲಾಬಿ. ಅದಕ್ಕೂ ಎರಡಡಿಯಾ?

ಉತ್ತರ (ಮೈಸೂರಿನಿಂದ)

ಇಲ್ಲ. ಹಾಗೆ ಮಾಡಿದರೆ ಈ ವರ್ಷದ ಹೂವು ಹೋಯ್ತು. ಮುಖ್ಯ ಟೊಂಗೆಗಳನ್ನು ಹಾಗೇ ಬಿಟ್ಟು ಅಡ್ಡಕ್ಕೆ ಬಗ್ಗಿಸಿ ಕಟ್ಟಿ. ಪಕ್ಕದ ಕೊಂಬೆಗಳನ್ನು ಮಾತ್ರ ಎರಡು ಮೂರು ಕಣ್ಣಿಗೆ ಸವರಿ, ಹೂವು ಅಲ್ಲೇ ಬರುವುದು.

ಧಾರವಾಡದವರಿಗೆ ಇನ್ನೊಂದು ಮಾತು: ಕತ್ತರಿಸಿದ ದಿನವೇ ಗೊಬ್ಬರ ಸುರಿಯಬೇಡಿ. ಕೆಂಪು ಚಿಗುರು ಕಂಡ ಮೇಲೆ ಕೊಳೆತ ಸಗಣಿ ಗೊಬ್ಬರ ಕೊಡಿ. ಕಪ್ಪಾದ ಟೊಂಗೆಗಳನ್ನು ಕಾಂಪೋಸ್ಟ್ ಗುಂಡಿಗೆ ಹಾಕದೆ ಸುಟ್ಟುಬಿಡಿ.