ಹಳದಿ ಪಿಗ್ಮೆಂಟ್ ಕೇಕ್‌ಗೆ ಯಾವ ಡ್ರೈಯರ್? ಮೂರು ಕೊಟೇಶನ್ ಕೈಯಲ್ಲಿವೆ

ಹಳದಿಪುಡಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಹಳದಿ ಐರನ್ ಆಕ್ಸೈಡ್ ಪಿಗ್ಮೆಂಟ್ (ಬಣ್ಣದ ಪುಡಿ) ಮಾಡುವ ಸಣ್ಣ ಘಟಕ. ಪೇಂಟ್ ಮತ್ತು ಸಿಮೆಂಟ್ ಟೈಲ್ಸ್ ಮಾಡುವವರು ನಮ್ಮ ಗಿರಾಕಿಗಳು. ನೀರು ಹಿಂಡಿ ಸೋಸುವ ಫಿಲ್ಟರ್ ಪ್ರೆಸ್‌ನಿಂದ ಇಳಿಯುವ ಕೇಕ್‌ನಲ್ಲಿ, ಅಂದರೆ ಹಸಿ ಮುದ್ದೆಯಲ್ಲಿ, ಅರ್ಧಕ್ಕರ್ಧ ನೀರು. ಈಗ ಟ್ರೇ ಡ್ರೈಯರ್‌ನಲ್ಲಿ ಒಣಗಿಸುತ್ತಿದ್ದೇವೆ. ಟ್ರೇ ತುಂಬುವುದು, ನಡುವೆ ತಿರುವಿ ಹಾಕುವುದು, ಕೊನೆಗೆ ಕೆರೆದು ತೆಗೆಯುವುದು, ಎಲ್ಲಾ ಕೈಕೆಲಸ. ಒಣಗಿದ ಗಡ್ಡೆಯನ್ನು ಆಮೇಲೆ ಮಿಲ್‌ಗೆ ಹಾಕಿ ಪುಡಿ ಮಾಡಬೇಕು. ಅಂಚಿನಲ್ಲಿ ಒಣಗಿದ್ದು ಮಧ್ಯದಲ್ಲಿ ಹಸಿ ಇರುತ್ತದೆ.

ಈಗ ಗಂಟೆಗೆ 300 ಕೆಜಿ ಒಣ ಪುಡಿ ಬರುವಂಥ, ನಿಲ್ಲದೆ ಓಡುವ ಡ್ರೈಯರ್ ಬೇಕು. ಮೂರು ಕಡೆಯಿಂದ ಕೊಟೇಶನ್ ಬಂದಿದೆ. ಒಬ್ಬರು ಸ್ಪ್ರೇ ಡ್ರೈಯರ್, ಒಬ್ಬರು ಫ್ಲೂಯಿಡ್ ಬೆಡ್, ಇನ್ನೊಬ್ಬರು ಸ್ಪಿನ್ ಫ್ಲ್ಯಾಶ್. ಮೂವರೂ "ನಿಮ್ಮ ಪುಡಿಗೆ ಇದೇ ಸರಿ" ಎನ್ನುತ್ತಾರೆ. ಒಬ್ಬರು ತೇವಾಂಶ 50% ಎಂದು ಬರೆದಿದ್ದಾರೆ, ಇನ್ನೊಬ್ಬರು ಅದೇ ಕೇಕ್‌ಗೆ 100% ಎಂದು ಬರೆದಿದ್ದಾರೆ. ಇದೇ ಅರ್ಥವಾಗಲಿಲ್ಲ. ಯಾವುದನ್ನು ನೋಡಿ ತೀರ್ಮಾನ ಮಾಡಬೇಕು? ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಸ್ಪ್ರೇಟವರ್

ನಾನು ಸ್ಪ್ರೇ ಡ್ರೈಯರ್ (ಹಸಿ ಮಾಲನ್ನು ಹನಿಹನಿಯಾಗಿ ಬಿಸಿಗಾಳಿಗೆ ಸಿಂಪಡಿಸಿ ಒಣಗಿಸುವ ಯಂತ್ರ) ಪ್ಲಾಂಟ್‌ನಲ್ಲಿ ಕೆಲಸ ಮಾಡುವವನು. ಪುಡಿ ಎಷ್ಟು ಚೆನ್ನಾಗಿ ಬರುತ್ತದೆ ಗೊತ್ತಾ ಸರ್! ದುಂಡನೆಯ ಕಾಳು, ಸರಾಗವಾಗಿ ಹರಿಯುತ್ತದೆ, ಧೂಳು ಕಡಿಮೆ. ಪ್ಯಾಕಿಂಗ್‌ನವರಿಗೂ ಖುಷಿ, ಗಿರಾಕಿಗೂ ಖುಷಿ. ಜಾಗ ಮತ್ತು ಎತ್ತರ ಇದ್ದರೆ ನನ್ನ ಮತ ಅದಕ್ಕೇ. ಆದರೆ ಕೇಕ್ ಪಂಪ್ ಆಗುವಷ್ಟು ತೆಳ್ಳಗಾಗಬೇಕು, ಅದನ್ನು ನೋಡಿಕೊಳ್ಳಿ.

ಬಿಸಿಗಾಳಿ

ಸ್ಪ್ರೇಟವರ್ ಅವರು ಕೊನೆಯಲ್ಲಿ ಹೇಳಿದ ಮಾತಿನಿಂದಲೇ ಶುರು ಮಾಡುತ್ತೇನೆ. ನಾನು ಬಹಳ ಕಾಲ ಪಿಗ್ಮೆಂಟ್ ಮತ್ತು ಕೆಮಿಕಲ್ ಪ್ಲಾಂಟ್‌ಗಳಲ್ಲಿ ಡ್ರೈಯರ್ ಕೂರಿಸಿ, ಓಡಿಸಿ ಕೊಟ್ಟವನು. ನನ್ನ ಅನುಭವದಲ್ಲಿ ಡ್ರೈಯರ್ ಆರಿಸುವಾಗ ಎಲ್ಲರೂ ಹೊರಗೆ ಬರುವ ಪುಡಿಯನ್ನು ನೋಡುತ್ತಾರೆ. ನೋಡಬೇಕಾದದ್ದು ಒಳಗೆ ಹೋಗುವ ಹಸಿ ಮಾಲನ್ನು. ಅದು ನೀರು ಕಳೆದುಕೊಳ್ಳುತ್ತಾ ಹೋಗುವಾಗ ನಡುವೆ ಹೇಗೆಲ್ಲಾ ವರ್ತಿಸುತ್ತದೆ ಅನ್ನುವುದರಲ್ಲೇ ಉತ್ತರ ಇದೆ.

ಮೊದಲು ನಿಮ್ಮ 50 ಮತ್ತು 100ರ ವಿಷಯ. ಎರಡೂ ಒಂದೇ. 100 ಕೆಜಿ ಕೇಕ್‌ನಲ್ಲಿ 50 ಕೆಜಿ ನೀರು, 50 ಕೆಜಿ ಪುಡಿ. ನೀರನ್ನು ಒಟ್ಟು ತೂಕಕ್ಕೆ ಹೋಲಿಸಿದರೆ 50%, ಒಣ ಪುಡಿಗೆ ಹೋಲಿಸಿದರೆ 100%. ಮೂವರಿಗೂ ಒಂದೇ ಲೆಕ್ಕದಲ್ಲಿ ಬರೆದುಕೊಡಲು ಹೇಳಿ. ಅದಕ್ಕಿಂತ ಒಳ್ಳೆಯದು, ಗಂಟೆಗೆ ಎಷ್ಟು ಕೆಜಿ ನೀರು ಆವಿ ಮಾಡುತ್ತೀರಿ ಎಂದು ಕೇಳಿ. ಡ್ರೈಯರ್‌ನ ನಿಜವಾದ ಸೈಜ್ ಅದೇ.

ಈಗ ಲೆಕ್ಕ ನೋಡಿ. ಗಂಟೆಗೆ 300 ಕೆಜಿ ಪುಡಿ ಬೇಕು ಅಂದರೆ ನಿಮ್ಮ ಕೇಕ್‌ನಲ್ಲಿ 300 ಕೆಜಿ ನೀರಿದೆ. ಸ್ಪ್ರೇ ಮಾಡಬೇಕಾದರೆ ಕೇಕ್‌ಗೆ ಮತ್ತೆ ನೀರು ಸೇರಿಸಿ ಸ್ಲರಿ (ಗಂಜಿಯಂಥ ತೆಳು ಮಿಶ್ರಣ) ಮಾಡಬೇಕು. ಸ್ಲರಿಯಲ್ಲಿ ಪುಡಿ 30% ಇಟ್ಟುಕೊಂಡರೆ ಗಂಟೆಗೆ 700 ಕೆಜಿ ನೀರು ಓಡಿಸಬೇಕಾಗುತ್ತದೆ. ಫಿಲ್ಟರ್ ಪ್ರೆಸ್‌ನಲ್ಲಿ ಕಷ್ಟಪಟ್ಟು ತೆಗೆದ ನೀರನ್ನು ಮತ್ತೆ ಸುರಿದು, ಆಮೇಲೆ ಇಂಧನ ಸುಟ್ಟು ತೆಗೆಯುವುದು! 1 ಕೆಜಿ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಬೇಕು. 300 ಕೆಜಿಗೆ ಅದು 200 ಕಿಲೋವ್ಯಾಟ್ ಆಯಿತು, 700 ಕೆಜಿಗೆ 467. ಇದು ಬರೀ ನೀರಿನ ಲೆಕ್ಕ. ಗಾಳಿಯ ಜೊತೆ ಹೊರಗೆ ಹೋಗುವ ಶಾಖ ಬೇರೆ. ದುಂಡನೆಯ ಕಾಳಿಗೆ ನಿಮ್ಮ ಗಿರಾಕಿ ಹೆಚ್ಚಿನ ಬೆಲೆ ಕೊಡುತ್ತಾರಾದರೆ ಇದು ಸರಿಹೋಗಬಹುದು. ಇಲ್ಲದಿದ್ದರೆ ಬೇಡ.

ಫ್ಲೂಯಿಡ್ ಬೆಡ್ ಒಳ್ಳೆಯ ಯಂತ್ರ, ನನಗೆ ಬಹಳ ಇಷ್ಟ. ಆದರೆ ಅದಕ್ಕೆ ಬಿಡಿಬಿಡಿಯಾದ ಕಾಳು ಬೇಕು. ಕೆಳಗಿನಿಂದ ಗಾಳಿ ಬಂದಾಗ ಪ್ರತಿ ಕಾಳೂ ತೇಲಬೇಕು. ನಿಮ್ಮ ಪಿಗ್ಮೆಂಟ್ ಕಣಗಳು ಸೂಜಿಯ ಆಕಾರದವು, ಒಂದು ಮೈಕ್ರಾನ್‌ಗಿಂತಲೂ ಸಣ್ಣವು. ಅಷ್ಟು ಸಣ್ಣ ಕಣಗಳು ಒಣಗಿದ್ದರೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಾಳಿ ಅವುಗಳ ನಡುವೆ ಬಿಲ ಕೊರೆದುಕೊಂಡು ಮೇಲೆ ಹೋಗಿಬಿಡುತ್ತದೆ, ಪುಡಿ ಅಲ್ಲೇ ಕೂತಿರುತ್ತದೆ. ಇನ್ನು ಹಸಿ ಕೇಕ್ ಅಂತೂ ಪ್ಲೇಟ್ ಮೇಲೆ ಮುದ್ದೆಯಾಗಿ ಬೀಳುತ್ತದೆ. ಮೊದಲು ಶ್ಯಾವಿಗೆಯಂತೆ ಒತ್ತಿ ಎಳೆ ಮಾಡಿಕೊಳ್ಳಬೇಕು, ಇಲ್ಲವೇ ಒಣ ಪುಡಿಯನ್ನೇ ವಾಪಸ್ ಕಲಸಿ ಉದುರುದುರಾಗಿ ಮಾಡಿಕೊಳ್ಳಬೇಕು. ಕೊಟೇಶನ್ ಕೊಟ್ಟವರು ಈ ಎರಡರಲ್ಲಿ ಒಂದನ್ನೂ ಬರೆದಿಲ್ಲ ಅಂದರೆ ಅವರು ನಿಮ್ಮ ಕೇಕ್ ನೋಡಿಲ್ಲ ಅಂತಲೇ ಅರ್ಥ.

ಸ್ಪಿನ್ ಫ್ಲ್ಯಾಶ್ ಹುಟ್ಟಿದ್ದೇ ಇಂಥ ಕೇಕ್‌ಗೆ. ಸ್ಕ್ರೂ ಕೇಕನ್ನು ತಳ್ಳುತ್ತದೆ, ತಳದಲ್ಲಿ ತಿರುಗುವ ಅಲಗು ಅದನ್ನು ಒಡೆಯುತ್ತದೆ, ಸುತ್ತುತ್ತಾ ಬರುವ ಬಿಸಿಗಾಳಿ ಒಣಗಿದ ಹಗುರ ಪುಡಿಯನ್ನು ಮಾತ್ರ ಮೇಲಕ್ಕೆ ಒಯ್ಯುತ್ತದೆ. ಹಸಿ ತುಂಡು ಭಾರ, ಅದು ಕೆಳಗೇ ಉಳಿದು ಇನ್ನಷ್ಟು ಒಡೆಯುತ್ತದೆ. ಎಲ್ಲಾ ಕೆಲವೇ ಸೆಕೆಂಡುಗಳ ಕೆಲಸ. ಮಿಲ್‌ನ ಅರ್ಧ ಕೆಲಸವೂ ಅಲ್ಲೇ ಮುಗಿಯುತ್ತದೆ.

ಆದರೆ ನಿಮ್ಮದು ಹಳದಿ. ಇಲ್ಲಿ ಬಹಳ ಎಚ್ಚರ ಬೇಕು. ಹಳದಿ ಐರನ್ ಆಕ್ಸೈಡ್‌ನ ಹರಳಿನೊಳಗೇ ನೀರು ಸೇರಿಕೊಂಡಿದೆ. ಸುಮಾರು 180 ಡಿಗ್ರಿ ದಾಟಿ ಬಿಸಿಯಾದರೆ ಆ ನೀರೂ ಹೊರಡಲು ಶುರುವಾಗಿ ಬಣ್ಣ ಕೆಂಪಿಗೆ ತಿರುಗುತ್ತದೆ. ಒಮ್ಮೆ ತಿರುಗಿದರೆ ವಾಪಸ್ ಬರುವುದಿಲ್ಲ. ಹಾಗಿದ್ದರೆ ಸ್ಪಿನ್ ಫ್ಲ್ಯಾಶ್‌ಗೆ 250 ಡಿಗ್ರಿ ಗಾಳಿ ಬಿಡುವುದು ಹೇಗೆ ಅಂತ ಕೇಳಬಹುದು. ಕಣದ ಮೈ ಒದ್ದೆ ಇರುವವರೆಗೆ ಗಾಳಿಯ ಶಾಖವೆಲ್ಲಾ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. 250 ಡಿಗ್ರಿ ಗಾಳಿಯಲ್ಲೂ ಒದ್ದೆ ಕಣ 55 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. ಅಪಾಯ ಇರುವುದು ಗಾಳಿ ಒಳಬರುವ ಬಾಯಿಯ ಹತ್ತಿರ ಗೋಡೆಗೆ ಅಂಟಿ ಕೂತ ಪುಡಿಯಲ್ಲಿ. ಅದು ಒಣಗಿದ ಮೇಲೂ ಅದೇ ಗಾಳಿಗೆ ಮೈಯೊಡ್ಡಿ ಕೂತಿರುತ್ತದೆ. ಕೆಂಪಾಗಿ, ಉದುರಿ, ಒಳ್ಳೆಯ ಮಾಲಿನ ಜೊತೆ ಸೇರುತ್ತದೆ. ಹಳದಿ ಪುಡಿಯಲ್ಲಿ ಕೆಂಪು ಚುಕ್ಕೆ ಕಂಡರೆ ನಾನು ಮೊದಲು ತೆಗೆದು ನೋಡುವುದು ಆ ಜಾಗವನ್ನೇ.

ಗಾಳಿ ತಂಪು ಮಾಡಿದರೆ ಆಯಿತಲ್ಲ ಅನ್ನಿಸಬಹುದು. ಖರ್ಚು ಏರುತ್ತದೆ. ಹೊರಗಿನ ಗಾಳಿ 30 ಡಿಗ್ರಿ, ಡ್ರೈಯರ್‌ನಿಂದ ಹೊರಬರುವ ಗಾಳಿ 100 ಡಿಗ್ರಿ ಇದ್ದರೆ, 250ರಲ್ಲಿ ಒಳಬಿಟ್ಟಾಗ ಶಾಖದ 68% ಕೆಲಸಕ್ಕೆ ಬರುತ್ತದೆ, 150ರಲ್ಲಿ ಒಳಬಿಟ್ಟಾಗ 42% ಮಾತ್ರ. ಜೊತೆಗೆ ಗಾಳಿಯೂ ಜಾಸ್ತಿ ಬೇಕು. ಬ್ಲೋವರ್, ಪೈಪ್, ಫಿಲ್ಟರ್ ಎಲ್ಲಾ ದೊಡ್ಡದಾಗುತ್ತವೆ. ಎಷ್ಟರವರೆಗೆ ಹೋಗಬಹುದು ಅನ್ನುವುದನ್ನು ಟ್ರಯಲ್ ಮಾತ್ರ ಹೇಳುತ್ತದೆ.

ಹಳದಿಪುಡಿ

ಬಿಸಿಗಾಳಿ ಸರ್, ತುಂಬಾ ಧನ್ಯವಾದ. 50 ಮತ್ತು 100ರ ಗೊಂದಲ ಈಗ ಹೋಯಿತು. ಟ್ರಯಲ್‌ಗೆ ಸ್ಯಾಂಪಲ್ ಕಳಿಸಿ ಅಂತ ಒಬ್ಬರು ಕೇಳಿದ್ದಾರೆ. ಡ್ರಮ್‌ನಲ್ಲಿ ತುಂಬಿ ಕಳಿಸಿದರೆ ಸಾಕಾ?

ಬಿಸಿಗಾಳಿ

ಸ್ಯಾಂಪಲ್ ಜೊತೆ ನೀವೂ ಹೋಗಿ. ಇದನ್ನು ಒತ್ತಿ ಹೇಳುತ್ತೇನೆ. ಡ್ರಮ್‌ನಲ್ಲಿ ದಾರಿಯುದ್ದಕ್ಕೂ ಕುಲುಕಿದ ಕೇಕ್ ಬೇರೆ, ಪ್ರೆಸ್‌ನಿಂದ ಈಗ ತಾನೇ ಬಿದ್ದ ಕೇಕ್ ಬೇರೆ. ಕೆಲವು ಪಿಗ್ಮೆಂಟ್ ಕೇಕ್ ಮುಟ್ಟಿದರೆ ಗಟ್ಟಿ, ಅಲುಗಾಡಿಸಿದರೆ ಮೊಸರಿನ ಹಾಗೆ ಸಡಿಲ. ಒಂದು ಹಿಡಿ ತಗೊಂಡು ಅಂಗೈಯಲ್ಲಿ ಕುಲುಕಿ ನೋಡಿ. ನೀರೊಡೆದು ಮೆತ್ತಗಾದರೆ ಸ್ಕ್ರೂ ಫೀಡರ್‌ನ ವಿನ್ಯಾಸವೇ ಬೇರೆಯಾಗಬೇಕು. ಅದನ್ನು ಟ್ರಯಲ್ ಮಾಡುವವರಿಗೆ ಮೊದಲೇ ತಿಳಿಸಿ.

ಹೋಗುವ ಮೊದಲು ನಿಮ್ಮ ಲ್ಯಾಬ್‌ನಲ್ಲೇ ಒಂದು ಕೆಲಸ ಮಾಡಿ. ಕೇಕನ್ನು ಓವನ್‌ನಲ್ಲಿಟ್ಟು ಸ್ವಲ್ಪ ಸ್ವಲ್ಪವೇ ಒಣಗಿಸಿ. ತೂಕ ನೋಡುತ್ತಾ 40%, 30%, 20% ತೇವಾಂಶಕ್ಕೆ ಬಂದಾಗೆಲ್ಲಾ ಹೊರತೆಗೆದು ಸ್ಟೀಲ್ ಪ್ಲೇಟ್ ಮೇಲೆ ಒತ್ತಿ. ಎಲ್ಲಿ ಅಂಟುತ್ತದೆ, ಎಲ್ಲಿಂದ ಉದುರಲು ಶುರುವಾಗುತ್ತದೆ ಬರೆದಿಟ್ಟುಕೊಳ್ಳಿ. ಈ ಅಂಟಿನ ಘಟ್ಟವನ್ನು ಯಂತ್ರ ಹೇಗೆ ದಾಟಿಸುತ್ತದೆ ಅಂತ ಮೂವರನ್ನೂ ಕೇಳಿ. ಸರಿಯಾಗಿ ಉತ್ತರ ಕೊಡುವವರು ಡ್ರೈಯರ್ ಗೊತ್ತಿರುವವರು.

ಟ್ರಯಲ್‌ನಲ್ಲಿ ತೇವಾಂಶ ಒಂದನ್ನೇ ನೋಡಿ ಬರಬೇಡಿ. ಬಣ್ಣ ಅಳೆಯಿರಿ. ನಿಮ್ಮ ಟ್ರೇಯಲ್ಲಿ ನಿಧಾನವಾಗಿ ಒಣಗಿಸಿದ ಒಳ್ಳೆಯ ಮಾಲಿಗೂ ಇದಕ್ಕೂ ಡೆಲ್ಟಾ ಇ (ಎರಡು ಬಣ್ಣಗಳ ನಡುವಿನ ವ್ಯತ್ಯಾಸದ ಅಳತೆ) ಎಷ್ಟು ಅಂತ ನೋಡಿ, ಆ ಅಂಕೆಯನ್ನೇ ಆರ್ಡರ್‌ನಲ್ಲಿ ಗ್ಯಾರಂಟಿಯಾಗಿ ಬರೆಸಿ. ಯಂತ್ರ ಸಾಕಷ್ಟು ಹೊತ್ತು ಓಡಿದ ಮೇಲೆ ಚೇಂಬರ್ ತೆಗೆಸಿ ಗೋಡೆಯನ್ನೂ ನೋಡಿ.

ಇನ್ನೊಂದು. ಪ್ರೆಸ್ ಕಡೆ ಒಮ್ಮೆ ತಿರುಗಿ ನೋಡಿ. ಮೆಂಬ್ರೇನ್ ಪ್ಲೇಟ್ ಹಾಕಿ ಕೇಕನ್ನು ಇನ್ನಷ್ಟು ಹಿಂಡಿ 45%ಗೆ ತಂದರೆ ಅದೇ 300 ಕೆಜಿ ಪುಡಿಗೆ ಗಂಟೆಗೆ 245 ಕೆಜಿ ನೀರು ಮಾತ್ರ. ಹಿಂಡಿ ತೆಗೆಯುವ ನೀರು ಯಾವತ್ತೂ ಸುಟ್ಟು ತೆಗೆಯುವ ನೀರಿಗಿಂತ ಅಗ್ಗ. ತೊಳೆಯುವುದನ್ನೂ ಅಲ್ಲೇ ಸರಿಯಾಗಿ ಮುಗಿಸಿ. ಡ್ರೈಯರ್ ನೀರನ್ನು ತೆಗೆಯುತ್ತದೆ, ಉಪ್ಪನ್ನು ತೆಗೆಯುವುದಿಲ್ಲ. ಉಳಿದ ಉಪ್ಪು ಪುಡಿಯಲ್ಲೇ ಇದ್ದು ಸಿಮೆಂಟ್ ಟೈಲ್ಸ್ ಮೇಲೆ ಬಿಳಿ ಬಿಳಿಯಾಗಿ ಏಳುತ್ತದೆ.

ಬ್ಯಾಗ್‌ಫಿಲ್ಟರ್

ನಾನು ಮೇಂಟೆನೆನ್ಸ್‌ನವನು, ಹಾಗಾಗಿ ನನ್ನ ಕಣ್ಣು ಯಾವಾಗಲೂ ಹಿಂಬದಿಗೆ. ಸ್ಪಿನ್ ಫ್ಲ್ಯಾಶ್‌ನಲ್ಲಿ ನಿಮ್ಮ ಪೂರ್ತಿ ಮಾಲು ಗಾಳಿಯ ಜೊತೆ ಬಟ್ಟೆಯ ಚೀಲಗಳಲ್ಲಿ ಪುಡಿ ಹಿಡಿಯುವ ಬ್ಯಾಗ್ ಫಿಲ್ಟರ್‌ಗೆ ಬರುತ್ತದೆ. ಇಷ್ಟು ನುಣುಪಾದ ಪುಡಿಯನ್ನು ಸೈಕ್ಲೋನ್ (ಗಾಳಿಯನ್ನು ಸುತ್ತಿಸಿ ಪುಡಿ ಬೇರ್ಪಡಿಸುವ ಪಾತ್ರೆ) ಪೂರ್ತಿ ಹಿಡಿಯುವುದಿಲ್ಲ. ಆ ಗಾಳಿಯಲ್ಲಿ ಆವಿ ತುಂಬಿರುತ್ತದೆ. ಫಿಲ್ಟರ್‌ನ ತಗಡು ತಣ್ಣಗಿದ್ದರೆ ಒಳಗೆ ನೀರು ಹನಿಯುತ್ತದೆ, ಬಟ್ಟೆಯ ಮೇಲೆ ಪುಡಿ ಕೆಸರಾಗಿ ಕೂರುತ್ತದೆ, ಆಮೇಲೆ ಎಷ್ಟು ಪಲ್ಸ್ (ಚೀಲ ಝಾಡಿಸುವ ಗಾಳಿಯ ಹೊಡೆತ) ಕೊಟ್ಟರೂ ಬೀಳುವುದಿಲ್ಲ. ಮಾಲು ಬಿಡುವ ಮೊದಲು ಬರೀ ಬಿಸಿಗಾಳಿ ಓಡಿಸಿ ಫಿಲ್ಟರ್ ಕಾಯಿಸಬೇಕು. ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಗಾಳಿ ಓಡಬೇಕು. ಹೊರಗೆ ಇನ್ಸುಲೇಶನ್ ಇದೆಯಾ ಅಂತ ಕೊಟೇಶನ್‌ನಲ್ಲಿ ನೋಡಿ, ಬಹಳ ಸಲ ಇರುವುದೇ ಇಲ್ಲ. ಬ್ಯಾಗ್ ಬಟ್ಟೆ ಬರೀ ಪಾಲಿಯೆಸ್ಟರ್ ಅಂತ ಬರೆದಿದ್ದರೆ ಪ್ರಶ್ನೆ ಮಾಡಿ. ಬಿಸಿಯೂ ತೇವವೂ ಸೇರಿದರೆ ಅದು ಬೇಗ ಬಲ ಕಳೆದುಕೊಳ್ಳುತ್ತದೆ.

ಬಿಸಿಗಾಳಿ

ಪೂರ್ತಿ ಒಪ್ಪುತ್ತೇನೆ. ಹಳದಿಗೆ ಒಂದೇ ಒಂದು ಷರತ್ತು ಸೇರಿಸುತ್ತೇನೆ. ಮಾಲಿಲ್ಲದೆ 250 ಡಿಗ್ರಿ ಗಾಳಿ ಓಡಿಸಿದರೆ ಚೇಂಬರ್‌ನಲ್ಲಿ ಉಳಿದ ಪುಡಿ ಕೆಂಪಾಗುತ್ತದೆ. ಅದಕ್ಕೇ ಫಿಲ್ಟರ್ ಕಾಯಿಸುವಾಗ 130ರ ಆಸುಪಾಸಿನಲ್ಲಿ ಕಾಯಿಸಿ, ಕೇಕ್ ಬಿಡಲು ಶುರು ಮಾಡಿದ ಮೇಲೆ ಶಾಖ ಏರಿಸಿ. ಫೀಡರ್ ನಿಂತ ಕೂಡಲೇ ಬರ್ನರ್ ತಾನೇ ಇಳಿಯುವಂತೆ ಇಂಟರ್‌ಲಾಕ್ ಇರಲಿ. ಆಪರೇಟರ್ ಓಡಿ ಬಂದು ಬಟನ್ ಒತ್ತುವವರೆಗೆ ಬಣ್ಣ ಕಾಯುವುದಿಲ್ಲ.

ಸ್ಪ್ರೇಟವರ್

700 ಕೆಜಿಯ ಲೆಕ್ಕ ನೋಡಿದ ಮೇಲೆ ನಾನೂ ಒಪ್ಪುತ್ತೇನೆ. ನಮ್ಮಲ್ಲಿ ಮಾಲು ಮೊದಲಿನಿಂದಲೇ ಸ್ಲರಿ, ಅದಕ್ಕೇ ಸ್ಪ್ರೇ ನಮಗೆ ಸರಿಹೊಂದುತ್ತದೆ. ನಿಮ್ಮದು ಕೇಕ್.

ಹಳದಿಪುಡಿ

ಕೊನೆಯದಾಗಿ ಒಂದು ಪ್ರಶ್ನೆ. ಮುಂದೆ ಕಪ್ಪು ಐರನ್ ಆಕ್ಸೈಡ್ ಕೂಡ ಮಾಡುವ ಯೋಚನೆ ಇದೆ. ಅದೇ ಯಂತ್ರದಲ್ಲಿ ಓಡಿಸಬಹುದಾ?

ಬಿಸಿಗಾಳಿ

ಬೇಡ ಅಂತಲೇ ಹೇಳುತ್ತೇನೆ. ಶುಚಿ ಮಾಡುವ ಕಷ್ಟ ಒಂದು ಕಡೆ. ಬ್ಯಾಗ್ ಬಟ್ಟೆಯಿಂದ ಕಪ್ಪು ಹೋಗುವುದಿಲ್ಲ, ಬಣ್ಣಕ್ಕೊಂದು ಸೆಟ್ ಬ್ಯಾಗ್ ಇಡಬೇಕು. ಅದಕ್ಕಿಂತ ದೊಡ್ಡ ವಿಷಯ, ಹಳದಿ ಗಾಳಿಯಲ್ಲಿ ಉರಿಯುವಂಥದ್ದಲ್ಲ, ಆದರೆ ನುಣುಪಾದ ಕಪ್ಪು ಪುಡಿ ಬಿಸಿಯಿರುವಾಗ ಗಾಳಿಯ ಆಮ್ಲಜನಕದ ಜೊತೆ ಸೇರಿ ತಾನಾಗಿಯೇ ಇನ್ನಷ್ಟು ಬಿಸಿಯೇರಬಲ್ಲದು. ಬಣ್ಣ ಕಂದು ಬಣ್ಣಕ್ಕೆ ತಿರುಗುತ್ತದೆ, ರಾಶಿಯಲ್ಲಿದ್ದರೆ ಒಳಗೊಳಗೇ ಕಾಯುತ್ತಾ ಹೋಗುತ್ತದೆ. ಬಿಸಿ ಪುಡಿಯನ್ನು ಹಾಗೇ ದೊಡ್ಡ ಚೀಲಕ್ಕೆ ತುಂಬುವುದು ಅಪಾಯ. ಕಪ್ಪಿಗೆ ಕಡಿಮೆ ಶಾಖ, ಕಡಿಮೆ ಆಮ್ಲಜನಕ, ಪ್ಯಾಕಿಂಗ್‌ಗೆ ಮೊದಲು ಸರಿಯಾದ ಕೂಲಿಂಗ್ ಬೇಕು. ಜಾಕೆಟ್ ಇರುವ ಪ್ಯಾಡಲ್ ಡ್ರೈಯರ್‌ನಲ್ಲಿ (ಹೊರಕವಚ ಕಾಯಿಸಿ, ಒಳಗೆ ಅಲಗುಗಳಿಂದ ಕಲಸುತ್ತಾ ಒಣಗಿಸುವ ಯಂತ್ರ) ನೈಟ್ರೋಜನ್ ಬಿಟ್ಟು ಒಣಗಿಸುವುದನ್ನು ಅದಕ್ಕೆ ಬೇರೆಯಾಗಿ ವಿಚಾರಿಸಿ. ತಾನೇ ಬಿಸಿಯೇರುವ ಗುಣ ಎಷ್ಟಿದೆ ಅಂತ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ, ಆ ವರದಿ ಕೈಗೆ ಬಂದ ಮೇಲೆಯೇ ಕೊಟೇಶನ್ ಕೇಳಿ.