ಕಾನ್ಫಿಗ್ ಫೈಲ್ ಕೆಟ್ಟಿದ್ದರೆ ಲೈಬ್ರರಿ ಏನು ಮಾಡಬೇಕು?

ಪ್ರಶ್ನೆ, ಸಾಗರದಿಂದ:
ಅಡಿಕೆ ಸೊಸೈಟಿಗಳ ಬಿಲ್ಲಿಂಗ್‌ಗೆ ಪೈಥಾನ್‌ನಲ್ಲಿ ಒಂದು ಲೈಬ್ರರಿ (ಬೇರೆ ಪ್ರೋಗ್ರಾಮ್‌ಗಳು ಬಳಸಿಕೊಳ್ಳುವ ಕೋಡ್) ಬರೆಯುತ್ತಿದ್ದೇನೆ. ಸೆಟ್ಟಿಂಗ್ಸ್ ಎಲ್ಲ ಯಾಮಲ್ (YAML, ಸೆಟ್ಟಿಂಗ್ಸ್ ಬರೆದಿಡುವ ಒಂದು ಪಠ್ಯ ರೂಪ) ಕಾನ್ಫಿಗ್ ಫೈಲಿನಲ್ಲಿದೆ, ಅದನ್ನು ಓದಲಿಕ್ಕೆ ಪೈಯಾಮಲ್ (PyYAML) ಅನ್ನುವ ಪೈಥಾನ್ ಲೈಬ್ರರಿ. ಫೈಲ್ ಇಲ್ಲದಿದ್ದರೂ, ಅದರಲ್ಲಿ ತಪ್ಪಿದ್ದರೂ ಸದ್ಯ ಡಿಫಾಲ್ಟ್ (ಕೋಡಿನಲ್ಲೇ ಇಟ್ಟ ಸೆಟ್ಟಿಂಗ್ಸ್) ಹಾಕಿಕೊಂಡು ಮುಂದೆ ಹೋಗುತ್ತದೆ. ಇದು ಸರಿಯಾ? ನಿಮ್ಮ ಅನುಭವ ಹೇಳಿ.

ಶಿವಮೊಗ್ಗದಿಂದ:
ಮೊದಲು ಆ ಎರಡನ್ನು ಬೇರೆ ಮಾಡಿ. ಫೈಲೇ ಇಲ್ಲ ಅಂದ್ರೆ ಡಿಫಾಲ್ಟ್ ಸಾಕು, ಲಾಗ್‌ನಲ್ಲಿ ಒಂದು ಸಾಲು ಇರಲಿ. ಫೈಲ್ ಇದ್ದೂ ಕೆಟ್ಟಿದ್ದರೆ ಲೈಬ್ರರಿ ಎರರ್ ಕೊಟ್ಟು ಅಲ್ಲೇ ನಿಲ್ಲಬೇಕು. ಯಾರೋ ಕೂತು ಕಮಿಷನ್ ದರ ಬದಲಿಸಿ ಸೇವ್ ಮಾಡಿದ್ದಾರೆ, ಸ್ಪೇಸ್ ಇರಬೇಕಾದಲ್ಲಿ ಟ್ಯಾಬ್ ಬಿದ್ದಿದೆ ಅಂದುಕೊಳ್ಳಿ. ಲೈಬ್ರರಿ ಸುಮ್ನೆ ಡಿಫಾಲ್ಟ್ ದರದಲ್ಲೇ ಬಿಲ್ ಹಾಕುತ್ತಾ ಹೋದರೆ ಬೆಳೆಗಾರರ ದುಡ್ಡಿನ ಲೆಕ್ಕ ತಪ್ಪುತ್ತದೆ, ಯಾರಿಗೂ ಗೊತ್ತೂ ಆಗುವುದಿಲ್ಲ.

ಪೈಯಾಮಲ್ ಎಸೆಯುವ ಎರರ್ ಹಾಗೇ ಹೊರಗೆ ಬಿಡಬೇಡಿ. ನಿಮ್ಮದೇ ಒಂದು ಎಕ್ಸೆಪ್ಷನ್ (ಎರರ್‌ನ ಬಗೆ) ಮಾಡಿ, 'ರೈಸ್' (raise) ಜೊತೆ 'ಫ್ರಮ್' (from) ಹಾಕಿ ಎಸೆಯಿರಿ. ಮೂಲ ಎರರ್ ಟ್ರೇಸ್‌ಬ್ಯಾಕ್‌ನಲ್ಲಿ (ಎರರ್ ಎಲ್ಲಿಂದ ಬಂತು ಅಂತ ತೋರಿಸುವ ಪಟ್ಟಿ) ಉಳಿಯುತ್ತದೆ. ಮೆಸೇಜಿನಲ್ಲಿ ಫೈಲಿನ ಪೂರ್ತಿ ಪಾತ್, ಸಾಲಿನ ನಂಬರ್ ಇರಲಿ. ತಪ್ಪಿನ ಜಾಗ ಹೇಳುವ, ಎರರ್‌ನ ಮಾರ್ಕ್‌ನಿಂದ ಸಾಲಿನ ನಂಬರ್ ತೆಗೆದುಕೊಂಡರೆ ಅದು 0ಯಿಂದ ಎಣಿಸುತ್ತದೆ, 1 ಕೂಡಿಸಿ ತೋರಿಸಿ. ಇಡೀ ಪ್ರೋಗ್ರಾಮ್ ನಿಲ್ಲಿಸುವ 'ಸಿಸ್ ಎಕ್ಸಿಟ್' (sys.exit) ಮಾತ್ರ ಲೈಬ್ರರಿಯೊಳಗೆ ಬೇಡ. ನಿಲ್ಲಿಸುವುದೋ ಬೇಡವೋ ಅನ್ನುವುದು ಲೈಬ್ರರಿ ಬಳಸುವವರಿಗೆ ಬಿಟ್ಟಿದ್ದು.

ತೀರ್ಥಹಳ್ಳಿಯಿಂದ:
ಎರರ್ ಬಂದರೆ ಪುಣ್ಯ ಮಾರಾಯ್ರೆ, ಬಾರದೆ ಹೋಗುವುದೇ ಕಷ್ಟ! ಪೈಯಾಮಲ್ ನಡೆಯುವುದು ಹಳೇ ಯಾಮಲ್ 1.1 ನಿಯಮದಂತೆ. ಹರಾಜಿನ ಹೊತ್ತು 10:30 ಅಂತ ಕೋಟ್ಸ್ ಇಲ್ಲದೆ ಬರೆದರೆ ಅದು 630 ಅನ್ನುವ ಅಂಕಿ ಆಗುತ್ತದೆ, ಅಂದರೆ ಗಂಟೆಯನ್ನು 60ರಿಂದ ಗುಣಿಸಿ ನಿಮಿಷ ಕೂಡಿಸಿದ ಲೆಕ್ಕ. ಅದೇ 09:30 ಬರೆದರೆ ಏನೂ ಆಗದೆ ಸ್ಟ್ರಿಂಗ್ (ಬರೆದ ಹಾಗೇ ಇರುವ ಪಠ್ಯ) ಆಗಿಯೇ ಉಳಿಯುತ್ತದೆ, ಸೊನ್ನೆಯಿಂದ ಶುರುವಾಗುತ್ತದಲ್ಲ. ಸದಸ್ಯರ ನಂಬರ್ 0123 ಹಾಕಿದರೆ ಆಕ್ಟಲ್ (0ಯಿಂದ 7ರವರೆಗಿನ ಅಂಕಿಗಳಷ್ಟೇ ಇರುವ ಎಣಿಕೆ) ಅಂತ ಓದಿ 83 ಮಾಡುತ್ತದೆ. 0189ರಲ್ಲಿ 8, 9 ಇರುವುದರಿಂದ ಅದು ಬಚಾವ್. ಹೀಗೆ ಕೆಲವು ಸದಸ್ಯರದ್ದು ಮಾತ್ರ ತಪ್ಪಿದಾಗ ಕಾರಣ ಹುಡುಕುವುದು ಸುಲಭ ಅಲ್ಲ. ಇಂಥ ಹೊತ್ತು, ನಂಬರ್‌ಗಳಿಗೆ ಕೋಟ್ಸ್ ಹಾಕಿಸಿ. ಫೈಲ್ ಲೋಡ್ ಆದ ಮೇಲೆ ಪ್ರತಿ ಕೀಯ (ಸೆಟ್ಟಿಂಗ್‌ನ ಹೆಸರು) ಟೈಪ್, ಅಂದರೆ ಅದರಲ್ಲಿರುವುದು ಅಂಕಿಯೋ ಸ್ಟ್ರಿಂಗೋ ಅಂತ ನೋಡಿ. ಹೊತ್ತು ಸ್ಟ್ರಿಂಗ್ ಅಲ್ಲದಿದ್ದರೆ ಕೀ ಹೆಸರು ಹೇಳಿ ಎರರ್ ಕೊಡಿ.

ಹೊಸನಗರದಿಂದ:
ನಮ್ಮ ಕಡೆ ಮಳೆಗಾಲದ ಕರೆಂಟ್ ಕಥೆ ಗೊತ್ತಲ್ವಾ? ಸೆಟ್ಟಿಂಗ್ಸ್ ಸೇವ್ ಆಗುವ ಹೊತ್ತಿಗೇ ಕರೆಂಟ್ ಹೋದರೆ ಫೈಲ್ ಖಾಲಿ ಆಗಿ ಕೂರಬಹುದು. ಖಾಲಿ ಫೈಲ್ ಓದಿದರೆ ಪೈಯಾಮಲ್ ಎರರ್ ಕೊಡುವುದಿಲ್ಲ, 'ನನ್' (None, ಅಂದರೆ ಏನೂ ಇಲ್ಲ) ಕೊಡುತ್ತದೆ. ಆಮೇಲೆ ಇನ್ನೆಲ್ಲೋ 'ನನ್‌ಟೈಪ್' (NoneType) ಎರರ್ ಅಂತ ಒದ್ದಾಡುತ್ತದೆ. ಓದಿದ ಕೂಡಲೇ ಅದು ಡಿಕ್ಷನರಿ (ಕೀ ಮತ್ತು ಅದರ ಮೌಲ್ಯಗಳ ಜೋಡಿಪಟ್ಟಿ) ಹೌದಾ ಅಂತ ನೋಡಿ. ಬರೆಯುವಾಗ ಅದೇ ಫೋಲ್ಡರಿನಲ್ಲಿ ಬೇರೆ ಹೆಸರಿನ ಫೈಲಿಗೆ ಬರೆದು, ಎಫ್‌ಸಿಂಕ್ (fsync, ಬರೆದದ್ದನ್ನು ಡಿಸ್ಕಿಗೆ ತಲುಪಿಸುವುದು) ಮಾಡಿ, ಆಮೇಲೆ 'ಓಎಸ್ ರಿಪ್ಲೇಸ್' (os.replace) ಬಳಸಿ ಅದನ್ನು ಹಳೇ ಫೈಲಿನ ಜಾಗಕ್ಕೆ ತನ್ನಿ. ಹಳೇದೋ ಹೊಸದೋ, ಒಂದು ಪೂರ್ತಿ ಫೈಲ್ ಉಳಿಯುತ್ತದೆ.

ಭದ್ರಾವತಿಯಿಂದ:
ಒಂದು ಸೇರಿಸುತ್ತೇನೆ. ಮೊದಲ ತಪ್ಪಿಗೇ ನಿಲ್ಲದೆ ಎಲ್ಲ ಕೀ ನೋಡಿ, ಸಿಕ್ಕ ತಪ್ಪನ್ನೆಲ್ಲ ಒಂದೇ ಸಲ ಹೇಳಿ. ಕೌಂಟರ್‌ನಲ್ಲಿ ಜನ ಕಾಯುವಾಗ ಒಂದೊಂದೇ ಸರಿಮಾಡಿ ಮತ್ತೆ ಶುರು ಮಾಡುವುದು ಗುಮಾಸ್ತರಿಗೆ ಹಿಂಸೆ. ಮೆಸೇಜಿನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಇದ್ದ ಸಾಲು ಹಾಗೇ ಬಾರದಂತೆ ನೋಡಿಕೊಳ್ಳಿ. ಸ್ಕ್ರೀನ್ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುತ್ತಾರೆ.