ಗೌಹರ್ ಜಾನ್ ಗ್ರಾಮಫೋನ್ ಪ್ಲೇಟು ಕೇಳಿದರೆ ಗೌಹರ್ ಜಾನ್ ಹಾಡು ಕೇಳಿದ ಹಾಗೇನಾ?

ಬೈಠಕ್‌ಪ್ರಿಯ: 1902ರಲ್ಲಿ ಕಲ್ಕತ್ತೆಯಲ್ಲಿ ಹಿಂದುಸ್ತಾನಿ ಗಾಯಕಿ ಗೌಹರ್ ಜಾನ್ ಗ್ರಾಮಫೋನ್ ಕಂಪನಿಯ ರೆಕಾರ್ಡಿಂಗ್ ಕೊಳವೆಗೆ ಮುಖ ಒಡ್ಡಿ ಹಾಡಿದರು. ಸಂಗೀತ ಕೆಟ್ಟಿದ್ದೇ ಅಲ್ಲಿಂದ. ಗಂಟೆಗಟ್ಟಲೆ ಬಿಡಿಸುತ್ತಿದ್ದ ರಾಗವನ್ನು ಮೂರು ನಿಮಿಷಕ್ಕೆ ಮುಗಿಸಬೇಕು. ಎದುರಿಗೆ ಕೂತು 'ವಾಹ್' ಅನ್ನುವವರಿಲ್ಲ. ಕೊನೆಗೆ 'ಮೈ ನೇಮ್ ಈಸ್ ಗೌಹರ್ ಜಾನ್' ಅಂತ ಜಂಬ ಬೇರೆ!

ಹಳೇಪ್ಲೇಟು: ಜಂಬ ಅಲ್ಲ ಸ್ವಾಮಿ. ಮೇಣದ ಅಚ್ಚು ಹಡಗು ಹತ್ತಿ ಜರ್ಮನಿಯ ಹ್ಯಾನೋವರ್‌ಗೆ ಹೋಗುತ್ತಿತ್ತು. ಪ್ಲೇಟು ಒತ್ತುತ್ತಿದ್ದದ್ದು ಅಲ್ಲಿ. ಯಾರ ಹಾಡಿಗೆ ಯಾವ ಲೇಬಲ್ ಅಂಟಿಸಬೇಕು ಅಂತ ಅಲ್ಲಿನವರಿಗೆ ತಿಳಿಯಲಿ ಅಂತ ಹೆಸರು ಹೇಳಿಸುತ್ತಿದ್ದರು.

ಬೈಠಕ್‌ಪ್ರಿಯ: ಲೇಬಲ್ಲಿಗಾದರೆ ಒಂದು ಚೀಟಿ ಸಾಕಿತ್ತು, ಅಲ್ವಾ? 1908ಕ್ಕೆ ಕಲ್ಕತ್ತೆಯ ಸಿಯಾಲ್ದಾದಲ್ಲೇ ಕಾರ್ಖಾನೆ ಬಂತು. ಆಮೇಲೂ ಹೆಸರು ಕೂಗಿದ ಪ್ಲೇಟುಗಳಿವೆ. ಅದು ಯಾರಿಗೆ?

ಹಳೇಪ್ಲೇಟು: ರೂಢಿ ಬಿದ್ದಿತ್ತು. ಅಷ್ಟೇ.

ಬೈಠಕ್‌ಪ್ರಿಯ: ಉತ್ತರ ಇಲ್ಲದಾಗ ಎಲ್ಲರೂ ರೂಢಿ ಅಂತಾರೆ.

ಅಡಿಕೆಸಿಪ್ಪೆ: ಜಂಬವೇ ಅನ್ನಿ, ಏನೀಗ? ಆಗ ಎಷ್ಟೋ ಉಸ್ತಾದರು ಯಂತ್ರಕ್ಕೆ ಹಾಡಲು ಹಿಂಜರಿದರು. ಧೈರ್ಯ ಮಾಡಿದವರು ತವಾಯಫರು, ಅಂದರೆ ಹಾಡು-ಕುಣಿತವೇ ಕಸುಬಾಗಿದ್ದ ಗೌಹರ್ ಜಾನ್‌ರಂಥ ಹೆಂಗಸರು. ಅವರು ಹಾಡುತ್ತಿದ್ದ ಮನೆಗೆ, ಕೋಠಾಗೆ, ಮರ್ಯಾದಸ್ಥ ಮನೆಯ ಹೆಂಗಸರು ಕಾಲಿಡುವಂತಿರಲಿಲ್ಲ. ಪ್ಲೇಟು ಬಂದ ಮೇಲೆ ಅಡುಗೆಮನೆಯಿಂದಲೇ ಕೇಳಿದರು. ಎದುರಿಗೆ ಕೂತು ಕೇಳುವ ನಿಮ್ಮ ಬೈಠಕ್ಕಿಗೆ ಅವರನ್ನು ಯಾರು ಕರೆದಿದ್ದರು?

ಬೈಠಕ್‌ಪ್ರಿಯ: 'ಅಡುಗೆಮನೆಯಿಂದಲೇ.' ನಾನು ಹೇಳುತ್ತಿರುವುದೂ ಅದೇ. ಒಗ್ಗರಣೆ ಸದ್ದಿನ ನಡುವೆ ಠುಮ್ರಿ! ಸಾಲದ್ದಕ್ಕೆ 1925ರವರೆಗೆ ಮೈಕೇ ಇರಲಿಲ್ಲ. ಕೊಳವೆಗೆ ಗಂಟಲು ಹರಿಯುವಂತೆ ಹಾಡಬೇಕು. ಆ ಪ್ಲೇಟುಗಳಲ್ಲಿ ತಂಬೂರಿ ಎಲ್ಲಿದೆ ಅಂತ ಹುಡುಕಬೇಕು.

ಅಡಿಕೆಸಿಪ್ಪೆ: ಒಗ್ಗರಣೆ ಹಾಕುವವರಿಗೆ ಕಿವಿ ಇಲ್ಲ ಅಂತ ನಿಮಗೆ ಯಾರು ಹೇಳಿದರು? ನಾಚಿಕೆ ಆಗಬೇಕು.

ಒಂಟಿಕೊಪ್ಪಲ್: 1928ರಲ್ಲಿ ಮೈಸೂರು ಅರಮನೆ ಗೌಹರ್ ಜಾನ್ ಅವರನ್ನೇ ಆಸ್ಥಾನ ಗಾಯಕಿಯಾಗಿ ಕರೆಸಿಕೊಂಡಿತು. 1930ರಲ್ಲಿ ತೀರಿಕೊಂಡಿದ್ದೂ ಇಲ್ಲೇ. ಪ್ಲೇಟು ಸಾಕಾಗಿದ್ದರೆ ಆಸಾಮಿಯನ್ನೇ ಯಾಕೆ ಕರೆಸಬೇಕಿತ್ತು?

ಅಡಿಕೆಸಿಪ್ಪೆ: ಮಹಾರಾಜರು ಕರೆಸಬಹುದು. ನಮ್ಮಜ್ಜಿ ಕರೆಸಬಹುದಿತ್ತಾ?

ಒಂಟಿಕೊಪ್ಪಲ್: ನಿಮ್ಮಜ್ಜಿ ವಿಷಯ ನಾನೆಲ್ಲಿ ಎತ್ತಿದೆ?

ಹಳೇಪ್ಲೇಟು: ಇರಿ ಇರಿ. ಅವರನ್ನು ಕರೆಸುವಷ್ಟು ಹೆಸರು ಊರೂರಿಗೆ ಮುಟ್ಟಿದ್ದೇ ಪ್ಲೇಟಿನಿಂದ. ಇನ್ನು ಬೈಠಕ್‌ಪ್ರಿಯರೇ, 1908ರ ನಂತರ ಹೆಸರು ಕೂಗಿದ ಆ ಪ್ಲೇಟಿನ ನಂಬರ್ ಹಾಕಿ ಮೊದಲು.

ಬೈಠಕ್‌ಪ್ರಿಯ: ನಂಬರ್ ಹುಡುಕೋಕೆ ನಾನೇನು ಗುಜರಿ ಅಂಗಡಿ ಇಟ್ಟಿದ್ದೀನಾ? ಹ್ಯಾನೋವರ್ ಕಥೆ ತಂದವರು ನೀವು. ನೀವೇ ಹುಡುಕಿ.